ಹಳೆ ಹಾಡು ಬರುತ್ತೆ, ಹೊಸ ರೆಕಾರ್ಡಿಂಗ್ ಉಳಿಯಲ್ಲ: ರೇಡಿಯೊ ಆಟೊಮೇಷನ್‌ನಲ್ಲಿ ಪರ್ಮಿಷನ್ ಹುಡುಕಾಟ

ಪ್ರಸಾರ ಶುರುವಾಗುವುದು ಬೆಳಗ್ಗೆ ಆರಕ್ಕೆ. ಐದೂ ಮುಕ್ಕಾಲಿಗೆ ನನಗೆ ಫೋನ್ ಬಂತು. "ಸರ್, ಹಾಡೆಲ್ಲ ಸರಿಯಾಗಿ ಬರ್ತಿದೆ, ನಿನ್ನೆ ರಾತ್ರಿ ಹಾಕಿದ ರೈತರ ಸಂದರ್ಶನ ಮಾತ್ರ ಇಲ್ಲ. ಲಿಸ್ಟ್‌ನಲ್ಲಿ ಹೆಸರಿದೆ, ಒತ್ತಿದ್ರೆ ಸದ್ದೇ ಇಲ್ಲ." ಒಂದು ಸಣ್ಣ ಸಮುದಾಯ ರೇಡಿಯೊಗೆ ನಾನು ಬಿಡುವಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಹಿಂದಿನ ದಿನವೇ ಆಡಿಯೊ ಫೈಲುಗಳನ್ನೆಲ್ಲ ಹಳೆ ಯಂತ್ರದಿಂದ ಹೊಸ ಫೈಲ್ ಸರ್ವರಿಗೆ ಸಾಗಿಸಿ, ಎರಡು ಹಾಡು ಹಾಕಿ ಕೇಳಿ, ಆಯ್ತಪ್ಪ ಅಂತ ಮನೆಗೆ ಬಂದಿದ್ದೆ. ಕೇಳಿ ನೋಡಿದ್ದೆ, ರೆಕಾರ್ಡ್ ಮಾಡಿ ನೋಡಿರಲಿಲ್ಲ. ತಪ್ಪು ಅಲ್ಲೇ ಆಗಿತ್ತು.

ನಾವು ಬಳಸುವುದು ರಿವೆಂಡೆಲ್. ಲಿನಕ್ಸ್ ಮೇಲೆ ಓಡುವ ಉಚಿತ ಆಟೊಮೇಷನ್ ಸಾಫ್ಟ್‌ವೇರ್ ಅದು, ಅಂದರೆ ಹಾಡು, ಕಾರ್ಯಕ್ರಮಗಳನ್ನು ಪಟ್ಟಿಯ ಪ್ರಕಾರ ತಾನಾಗಿ ಪ್ರಸಾರ ಮಾಡುವಂಥದ್ದು. ನೀವು ಬೇರೆ ಯಾವುದೋ ಬಳಸುತ್ತಿದ್ದರೂ ಮುಂದೆ ಹೇಳುವುದರಲ್ಲಿ ಬಹುಪಾಲು ಹೊಂದುತ್ತೆ, ಯಾಕಂದ್ರೆ ತೊಂದರೆ ರೇಡಿಯೊದ್ದಲ್ಲ, ಫೈಲಿನದ್ದು. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ, ದೊಡ್ಡಕ್ಷರ ಅಂತ ಹೇಳಿದ ಕಡೆ ಬಿಟ್ಟು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಮಾಡಿಕೊಳ್ಳಿ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ರಿವೆಂಡೆಲ್‌ನಲ್ಲಿ ಹಾಡಿನ ಹೆಸರು, ಹಾಡಿದವರು, ಎಲ್ಲಿ ಶುರು ಎಲ್ಲಿ ಕೊನೆ ಅನ್ನುವ ಗುರುತು, ಇದೆಲ್ಲ ಡೇಟಾಬೇಸ್‌ನಲ್ಲಿ ಇರುತ್ತೆ. ಧ್ವನಿ ಮಾತ್ರ ವಾರ್ ಒಳಗಿನ ಎಸ್‌ಎನ್‌ಡಿ ಅನ್ನುವ ಫೋಲ್ಡರಿನಲ್ಲಿ. ಲೈಬ್ರರಿಯ ಒಂದೊಂದು ಐಟಂಗೆ ಕಾರ್ಟ್ ಅಂತಾರೆ, ಅದರೊಳಗಿನ ಒಂದೊಂದು ರೆಕಾರ್ಡಿಂಗಿಗೆ ಕಟ್. ಫೈಲಿನ ಹೆಸರು ಆರಂಕಿಯ ಕಾರ್ಟ್ ನಂಬರ್, ಒಂದು ಅಂಡರ್‌ಸ್ಕೋರ್, ಮೂರಂಕಿಯ ಕಟ್ ನಂಬರ್: 010001_001 ಅಂತ, ಕೊನೆಗೆ ಡಾಟ್ ವೇವ್. ಹಾಗಾಗಿ ಲೈಬ್ರರಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಧ್ವನಿ ಇದೆ ಅಂತ ಅರ್ಥ ಅಲ್ಲ. ಡೇಟಾಬೇಸ್‌ಗೆ ಬರೆಯಲು ಆಗಿದೆ, ಫೋಲ್ಡರಿಗೆ ಬರೆಯಲು ಆಗಿಲ್ಲ, ಅಷ್ಟೆ.

ಫೈಲಿನ ಗಾತ್ರ ನೋಡಿದರೂ ಅರ್ಧ ಕತೆ ಗೊತ್ತಾಗುತ್ತೆ. 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ ಆದರೆ ಸೆಕೆಂಡಿಗೆ 1,92,000 ಬೈಟ್. ಹತ್ತು ನಿಮಿಷಕ್ಕೆ ಸುಮಾರು 115 ಎಂಬಿ. ಹತ್ತು ನಿಮಿಷದ ಸಂದರ್ಶನದ ಫೈಲು ಸೊನ್ನೆ ಬೈಟ್ ಇದ್ದರೆ ಬರೆಯುವಾಗ ನಿಂತಿದೆ. ಫೈಲೇ ಇಲ್ಲದಿದ್ದರೆ ಫೋಲ್ಡರಿನ ಬಾಗಿಲಲ್ಲೇ ತಡೆದಿದ್ದಾರೆ. 115 ಎಂಬಿ ಸರಿಯಾಗಿದ್ದು ಸದ್ದು ಬರದಿದ್ದರೆ ಓದುವ ಅನುಮತಿ ನೋಡಬೇಕು, ಅದೂ ಸರಿ ಇದ್ದರೆ ಸೌಂಡ್ ಕಾರ್ಡ್ ಕಡೆ ಹೋಗಿ, ಇಲ್ಲಿ ಹುಡುಕಬೇಡಿ.

ಮೊದಲು 777 ಹಾಕಬೇಡಿ

ಗೊತ್ತು, ಎಲ್ಲರೂ ಅದನ್ನೇ ಮಾಡೋದು. ಸಿಎಚ್‌ಮೋಡ್ 777, ಅದೂ ಒಳಗಿನ ಎಲ್ಲದಕ್ಕೂ. ಸಿಎಚ್‌ಮೋಡ್ ಅನುಮತಿ ಬದಲಿಸುವ ಕಮಾಂಡ್. ಮೂರು ಅಂಕಿ ಕ್ರಮವಾಗಿ ಮಾಲೀಕ, ಗುಂಪು, ಉಳಿದವರಿಗೆ. ಓದಲು 4, ಬರೆಯಲು 2, ಎಕ್ಸ್ ಬಿಟ್‌ಗೆ 1 ಕೂಡಿದರೆ ಒಂದೊಂದು ಅಂಕಿ, ಹಾಗಾಗಿ 777 ಅಂದರೆ ಎಲ್ಲರಿಗೂ ಎಲ್ಲ. ಆ ಕ್ಷಣಕ್ಕೆ ಕೆಲಸ ಮಾಡುತ್ತೆ, ಎಲ್ಲರೂ ಚಪ್ಪಾಳೆ ಹೊಡೀತಾರೆ. ಆದರೆ ನಾಳೆ ಹುಟ್ಟುವ ಫೈಲಿಗೆ ಇವತ್ತಿನ 777 ಅಂಟುವುದಿಲ್ಲ, ಅದು ತನ್ನದೇ ಮಾಲೀಕ, ತನ್ನದೇ ಗುಂಪು ಹೊತ್ತುಕೊಂಡು ಬರುತ್ತೆ. ಹಾಗಾಗಿ ಎರಡು ದಿನ ಬಿಟ್ಟು ಮತ್ತೆ ಫೋನ್. ಅಷ್ಟು ಹೊತ್ತಿಗೆ ಮೊದಲು ಯಾವುದು ಹೇಗಿತ್ತು ಅನ್ನುವ ಸಾಕ್ಷಿಯೂ ಅಳಿಸಿಹೋಗಿರುತ್ತೆ. ಇದಕ್ಕಿಂತ ಕೆಟ್ಟದ್ದು ಅಂದರೆ ಎಲ್ಲದಕ್ಕೂ 664 ಹಾಕುವುದು. ಫೈಲಿಗೆ ಅದು ಸರಿ, ಫೋಲ್ಡರಿನ ಎಕ್ಸ್ ಬಿಟ್ ಹೊರಟುಹೋಗುತ್ತೆ. ಫೋಲ್ಡರಿಗೆ ಎಕ್ಸ್ ಇಲ್ಲ ಅಂದ್ರೆ ಒಳಗೆ ಕಾಲಿಡಲು ಆಗಲ್ಲ, ಆಗ ಹಳೆ ಹಾಡೂ ನಿಂತಿತು.

ಏನನ್ನೂ ಮುಟ್ಟುವ ಮೊದಲು ಈಗಿನ ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟುಕೊಳ್ಳಿ. ಗೆಟ್‌ಎಫ್‌ಎಸಿಎಲ್‌ಗೆ ದೊಡ್ಡಕ್ಷರದ ಆರ್ ಕೊಟ್ಟರೆ ಇಡೀ ಫೋಲ್ಡರಿನ ಅನುಮತಿ ಪಟ್ಟಿ ಬರುತ್ತೆ. ಸೆಟ್‌ಎಫ್‌ಎಸಿಎಲ್‌ಗೆ ರಿಸ್ಟೋರ್ ಅಂತ ಹೇಳಿ ಅದೇ ಪಟ್ಟಿಯನ್ನು ಆಮೇಲೆ ಹಿಂದಿರುಗಿಸಬಹುದು.

ಹೆಸರನ್ನು ನಂಬಬೇಡಿ, ನಂಬರ್ ನೋಡಿ

ಸರ್ವರಿಗೆ ನಿಮ್ಮ ಯೂಸರ್ ಹೆಸರು ಮುಖ್ಯ ಅಲ್ಲ. ಎನ್‌ಎಫ್‌ಎಸ್ ಅಂದರೆ ಸರ್ವರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಹಂಚುವ ವಿಧಾನ, ಮೌಂಟ್ ಅಂದರೆ ಅದನ್ನು ನಿಮ್ಮ ಯಂತ್ರದ ಒಂದು ಫೋಲ್ಡರಿಗೆ ಜೋಡಿಸುವುದು. ಮಾಮೂಲಿ ಎನ್‌ಎಫ್‌ಎಸ್ ಮೌಂಟ್‌ನಲ್ಲಿ ಪ್ರತಿ ಕೋರಿಕೆಯ ಜೊತೆ ಹೋಗುವುದು ನಂಬರ್: ಯೂಸರ್ ನಂಬರ್, ಗ್ರೂಪ್ ನಂಬರ್. ಸ್ಟುಡಿಯೊ ಯಂತ್ರದಲ್ಲಿ "ಆರ್‌ಡಿ" ಅನ್ನುವವನು 1000, ಸರ್ವರಿನಲ್ಲೂ "ಆರ್‌ಡಿ" ಇದ್ದಾನೆ ಆದರೆ ಅವನು 1001 ಅಂದರೆ, ಅವರಿಬ್ಬರೂ ಸರ್ವರಿನ ಪಾಲಿಗೆ ಬೇರೆ ಬೇರೆ ಜನ. ಒಂದೇ ಊರಲ್ಲಿ ಇಬ್ಬರು ಮಂಜುನಾಥ ಇದ್ದ ಹಾಗೆ.

ಹಾಗಾಗಿ ಪ್ರತಿ ಯಂತ್ರದಲ್ಲೂ ಎರಡು ಕೆಲಸ ಮಾಡಿ. "ಐಡಿ" ಕಮಾಂಡಿಗೆ ಯೂಸರ್ ಹೆಸರು ಕೊಟ್ಟು ನಂಬರ್ ಬರೆದುಕೊಳ್ಳಿ. ಆಮೇಲೆ ಎಸ್‌ಎನ್‌ಡಿ ಫೋಲ್ಡರಿನಲ್ಲಿ "ಎಲ್‌ಎಸ್ -ಎಲ್‌ಎನ್". ಆ ಎನ್ ಮುಖ್ಯ, ಅದು ಹೆಸರಿನ ಬದಲು ನಂಬರ್ ತೋರಿಸುತ್ತೆ. ನಮ್ಮಲ್ಲಿ ಆ ಬೆಳಗ್ಗೆ ಕಂಡದ್ದು ಇಷ್ಟು: ಹಳೆ ಫೈಲುಗಳ ಮಾಲೀಕ 500, ಫೋಲ್ಡರಿನ ಮಾಲೀಕನೂ 500, ಸ್ಟುಡಿಯೊದ ಎರಡೂ ಯಂತ್ರಗಳ ಯೂಸರ್ 1000. ಈ 500 ಎಲ್ಲಿಂದ ಬಂತು? ಹಳೆ ಯಂತ್ರದಲ್ಲಿದ್ದ ಲಿನಕ್ಸ್ ಸೆಂಟ್‌ಓಎಸ್ 6. ಅದರಲ್ಲಿ ಮೊದಲ ಯೂಸರಿಗೆ ಸಿಗುತ್ತಿದ್ದದ್ದು 500. ಸೆಂಟ್‌ಓಎಸ್ 7 ರಿಂದ ಈಚೆಗೆ 1000. ಉಬುಂಟು, ಡೆಬಿಯನ್‌ನಲ್ಲೂ 1000. ನಾನು ಫೈಲ್ ನಕಲಿಸುವ ಆರ್‌ಸಿಂಕ್ ಕಮಾಂಡಿನಲ್ಲಿ ತಂದಾಗ ಹೊಸ ಸರ್ವರಿನಲ್ಲಿ ಆ ಹೆಸರಿನ ಯೂಸರೇ ಇರಲಿಲ್ಲ, ಹಾಗಾಗಿ ಹಳೆ ನಂಬರ್ ಹಾಗೇ ಉಳಿಯಿತು. ಫೋಲ್ಡರ್ 755, ಫೈಲು 644. ಅಂದರೆ ಮಾಲೀಕನಲ್ಲದವನು ಓದಬಹುದು, ಬರೆಯುವ ಹಾಗಿಲ್ಲ. ಹಾಡು ಬಂದದ್ದೂ ಸಂದರ್ಶನ ಬರದೇ ಹೋದದ್ದೂ ಇದೇ ಕಾರಣಕ್ಕೆ.

ಎನ್‌ಎಫ್‌ಎಸ್ 4 ಬಳಸುವವರಿಗೆ ಇಲ್ಲಿ ಒಂದು ಗೊಂದಲ ಆಗುತ್ತೆ. ಎಲ್ಲ ಫೈಲಿನ ಮಾಲೀಕ "ನೋಬಡಿ" ಅಂತ ಕಾಣಿಸಬಹುದು. ಹೆಸರು, ನಂಬರ್ ಹೊಂದಿಸುವ ಐಡಿಮ್ಯಾಪ್‌ಡಿಯ ಕಾನ್ಫಿಗ್‌ನಲ್ಲಿ ಡೊಮೇನ್ ಹೆಸರು ಎರಡೂ ಕಡೆ ಒಂದೇ ಇಲ್ಲದಿದ್ದರೆ ಹೀಗಾಗುತ್ತೆ. ಆದರೆ ಅದು ಕಾಣಿಸುವ ಹೆಸರಿನ ತೊಂದರೆ. ಮಾಮೂಲಿ ಸೆಕ್ಯುರಿಟಿಯಲ್ಲಿ ಬರೆಯಲು ಬಿಡಬೇಕೋ ಬೇಡವೋ ಅನ್ನುವುದು ಆಗಲೂ ನಂಬರಿನ ಮೇಲೇ ತೀರ್ಮಾನ ಆಗುತ್ತೆ. ಹಾಗಾಗಿ ನೋಬಡಿ ಅಂತ ಕಂಡರೂ ಕೆಲಸ ನಡೆಯಬಹುದು, ಹೆಸರು ಚೆಂದ ಕಂಡರೂ ನಡೆಯದೇ ಇರಬಹುದು. ಅನುಮಾನ ಇದ್ದರೆ ಸರ್ವರಿಗೇ ಲಾಗಿನ್ ಆಗಿ ಅಲ್ಲಿ ನಂಬರ್ ನೋಡಿ, ಅದೇ ನಿಜ.

ಬಾಗಿಲು ತಟ್ಟುತ್ತಿರುವವರು ಯಾರು?

ನೀವು ಟರ್ಮಿನಲ್‌ನಲ್ಲಿ ಬರೆದು ನೋಡಿದರೆ ಆಗುತ್ತೆ, ರಿವೆಂಡೆಲ್ ಬರೆಯಲು ಹೋದರೆ ಆಗಲ್ಲ. ಇಂಥ ಸಂದರ್ಭದಲ್ಲಿ ತಲೆ ಕೆಡಿಸಿಕೊಂಡವರು ತುಂಬ ಜನ. ಕಾರಣ ಸರಳ, ಬರೆಯುತ್ತಿರುವುದು ನೀವಲ್ಲ. ರಿವೆಂಡೆಲ್‌ನಲ್ಲಿ ಇಂಪೋರ್ಟ್, ಅಂದರೆ ಹೊರಗಿನ ಫೈಲನ್ನು ಲೈಬ್ರರಿಗೆ ಸೇರಿಸುವ ಕೆಲಸ, ಅಪಾಚೆ ಅನ್ನುವ ವೆಬ್ ಸರ್ವರ್ ಮೂಲಕ ಓಡುವ ಆರ್‌ಡಿಎಕ್ಸ್‌ಪೋರ್ಟ್ ಮಾಡುತ್ತೆ. ಅದು ಯಾರ ಹೆಸರಲ್ಲಿ ಫೈಲ್ ಬರೆಯಬೇಕು ಅನ್ನುವುದು ಇಟಿಸಿ ಒಳಗಿನ ಆರ್‌ಡಿ ಡಾಟ್ ಕಾನ್ಫ್ ಫೈಲಿನ ಆಡಿಯೊಓನರ್, ಆಡಿಯೊಗ್ರೂಪ್ ಸಾಲುಗಳಲ್ಲಿ ಇರುತ್ತೆ. ನೇರ ರೆಕಾರ್ಡಿಂಗ್, ಪ್ಲೇ ಎರಡೂ ಕೇಡ್ ಅನ್ನುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕೆಲಸ. ಯಾವುದು ಯಾರಾಗಿ ಓಡುತ್ತಿದೆ ಅಂತ "ಪಿಎಸ್" ಹಾಕಿ ನಿಮ್ಮ ಯಂತ್ರದಲ್ಲೇ ನೋಡಿಕೊಳ್ಳಿ, ಊಹೆ ಬೇಡ. ಆ ಪ್ರೋಸೆಸ್ ನಂಬರ್ ಹಿಡಿದು ಪ್ರೋಕ್ ಒಳಗಿನ ಸ್ಟೇಟಸ್ ಫೈಲ್ ಓದಿದರೆ ಯೂಸರ್, ಗ್ರೂಪ್, ಹೆಚ್ಚುವರಿ ಗ್ರೂಪ್‌ಗಳ ನಂಬರ್ ಎಲ್ಲ ಬರುತ್ತೆ.

ಈ ಸ್ಟೇಟಸ್ ಫೈಲ್ ನನಗೆ ಇನ್ನೊಂದು ಸಲ ಕೈ ಹಿಡಿದಿದೆ. ಯೂಸರನ್ನು ಹೊಸ ಗುಂಪಿಗೆ ಸೇರಿಸಿದ್ದೆ, "ಐಡಿ" ಕೇಳಿದರೆ ಗುಂಪು ಕಾಣುತ್ತಿತ್ತು, ಆದರೂ ಆಗುತ್ತಿರಲಿಲ್ಲ. ಆಗಲೇ ಓಡುತ್ತಿರುವ ಪ್ರೋಸೆಸ್ಸಿಗೆ ಹೊಸ ಗುಂಪು ತಾನಾಗಿ ಸೇರುವುದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಬೇಕು, ಕೂತಿರುವವರು ಲಾಗ್‌ಔಟ್ ಆಗಿ ಬರಬೇಕು. ಪ್ರಸಾರ ನಡೆಯುವಾಗ ರೀಸ್ಟಾರ್ಟ್ ಮಾಡಿದರೆ ಮೈಕ್ ಮುಂದೆ ಇರುವವರು ಬೈತಾರೆ, ಅದನ್ನೂ ಅನುಭವಿಸಿದ್ದೇನೆ.

ಪರೀಕ್ಷೆಯನ್ನು ಯಾವತ್ತೂ ರೂಟ್ ಆಗಿ, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಯೂಸರ್ ಆಗಿ ಮಾಡಬೇಡಿ. ಎನ್‌ಎಫ್‌ಎಸ್‌ನಲ್ಲಿ ರೂಟ್ ಸ್ಕ್ವಾಶ್ ಅನ್ನುವುದು ತಾನಾಗೇ ಚಾಲೂ ಇರುತ್ತೆ. ಅಂದರೆ ನಿಮ್ಮ ಯಂತ್ರದ ರೂಟ್ ಅಲ್ಲಿಗೆ ಹೋಗುವಷ್ಟರಲ್ಲಿ 65534, ಏನೂ ಇಲ್ಲದವನು. ತನ್ನ ಮನೆಯಲ್ಲಿ ರಾಜ, ಪಕ್ಕದ ಮನೆಯಲ್ಲಿ ಯಾರೋ ಏನೋ. ಡೀಮನ್ ರೂಟ್ ಆಗಿ ಓಡುತ್ತಾ ಫೈಲ್ ಬರೆಯಲು ಹೋದರೆ ಇದೇ ಗತಿ, ಅದಕ್ಕೇ ರಿವೆಂಡೆಲ್ ಬಳಸುವ ಬಹಳ ಜನ ಸರ್ವರ್ ಯಾವ ಫೋಲ್ಡರನ್ನು ಯಾರಿಗೆ ಹಂಚಬೇಕು ಅಂತ ಹೇಳುವ ಎಕ್ಸ್‌ಪೋರ್ಟ್ ಸಾಲಿನಲ್ಲಿ ನೋ ರೂಟ್ ಸ್ಕ್ವಾಶ್ ಹಾಕಿರುತ್ತಾರೆ. ಪರೀಕ್ಷೆಗೆ "ಸುಡೊ -ಯು" ಹಾಕಿ, ಆಡಿಯೊಓನರ್ ಯಾರೋ ಅವರ ಹೆಸರು ಕೊಟ್ಟು, ಎಸ್‌ಎನ್‌ಡಿ ಒಳಗೆ "ಟಚ್" ಮಾಡಿ ಒಂದು ಖಾಲಿ ಫೈಲ್ ಹುಟ್ಟಿಸಿ. ಓದುವ ಪರೀಕ್ಷೆಗೆ 999999_001 ಅನ್ನುವ ಟೆಸ್ಟ್ ಟೋನ್ ಫೈಲು ಸಾಕು.

ಆಗ ಬರುವ ಸಂದೇಶವನ್ನು ಪೂರ್ತಿ ಓದಿ. ಪರ್ಮಿಷನ್ ಡಿನೈಡ್ ಅಂದರೆ ನಂಬರ್, ಗುಂಪು, ಬಿಟ್‌ಗಳ ವಿಷಯ. ಆಪರೇಷನ್ ನಾಟ್ ಪರ್ಮಿಟೆಡ್ ಅಂತ ಜಾಸ್ತಿ ಬರುವುದು ಮಾಲೀಕನನ್ನು ಬದಲಿಸಲು ಹೋದಾಗ, ಆಗ ರೂಟ್ ಸ್ಕ್ವಾಶ್ ಮೇಲೆ ಅನುಮಾನ ಪಡಿ. ರೀಡ್ ಓನ್ಲಿ ಫೈಲ್ ಸಿಸ್ಟಮ್ ಅಂದರೆ ಸಿಎಚ್‌ಮೋಡ್ ಎಷ್ಟು ಹೊಡೆದರೂ ಪ್ರಯೋಜನ ಇಲ್ಲ, ಎಕ್ಸ್‌ಪೋರ್ಟ್ ಅಥವಾ ಮೌಂಟ್ ಓದಲು ಮಾತ್ರ ಅಂತ ಆಗಿದೆ. ಸ್ಟೇಲ್ ಫೈಲ್ ಹ್ಯಾಂಡಲ್ ಬಂದರೆ ಸರ್ವರಿನಲ್ಲಿ ಆ ಫೋಲ್ಡರೇ ಬದಲಾಗಿದೆ, ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ಪರ್ಮಿಷನ್ ಹುಡುಕುತ್ತಾ ಕೂರಬೇಡಿ.

ಓದಲು ಮಾತ್ರ ಅನ್ನುವುದಕ್ಕೆ ಒಂದು ತಮಾಷೆಯ ಕಾರಣ ಇದೆ. ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಐಪಿ ವಿಳಾಸಕ್ಕೂ ಅದರ ಬ್ರಾಕೆಟ್ಟಿಗೂ ನಡುವೆ ಒಂದು ಸ್ಪೇಸ್ ಬಿದ್ದರೆ ಅರ್ಥವೇ ಉಲ್ಟಾ. ನಿಮ್ಮ ಸ್ಟುಡಿಯೊ ಯಂತ್ರಕ್ಕೆ ಓದಲು ಮಾತ್ರ, ಲೋಕದ ಉಳಿದ ಎಲ್ಲರಿಗೂ ಬರೆಯುವ ಅಧಿಕಾರ! ಒಂದು ಸ್ಪೇಸ್. ತಿದ್ದಿದ ಮೇಲೆ "ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ", ಆಮೇಲೆ ಅದನ್ನೇ "-ವಿ" ಹಾಕಿ ಓಡಿಸಿ ನಿಜಕ್ಕೂ ಏನು ಜಾರಿಯಲ್ಲಿದೆ ನೋಡಿ.

ಶೆಲ್‌ನಲ್ಲಿ ಸರಿಯಾದ ಯೂಸರ್ ಆಗಿ ಬರೆದರೆ ಆಗುತ್ತೆ, ಅಪಾಚೆ ಮೂಲಕ ಮಾತ್ರ ಆಗಲ್ಲ ಅಂದರೆ ಸೆಂಟ್‌ಓಎಸ್ ತರಹದ ಯಂತ್ರದಲ್ಲಿ ಎಸ್‌ಇಲಿನಕ್ಸ್ ಅನ್ನುವ ಹೆಚ್ಚುವರಿ ಕಾವಲನ್ನು ನೋಡಿ. "ಗೆಟ್‌ಎನ್ಫೋರ್ಸ್" ಎನ್ಫೋರ್ಸಿಂಗ್ ಅಂದರೆ, ಒಂದು ನಿಮಿಷಕ್ಕೆ "ಸೆಟ್‌ಎನ್ಫೋರ್ಸ್ 0" ಮಾಡಿ ಇಂಪೋರ್ಟ್ ನೋಡಿ. ಆಗ ಇಂಪೋರ್ಟ್ ಆಯಿತು ಅಂದರೆ ಕಳ್ಳ ಸಿಕ್ಕ. ತಕ್ಷಣ ಮತ್ತೆ 1 ಮಾಡಿ, ಆಫ್ ಮಾಡಿ ಬಿಟ್ಟು ಹೋಗಬೇಡಿ. ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್ ಅನ್ನುವ ಸ್ವಿಚ್ಚನ್ನು "ಸೆಟ್‌ಸೆಬೂಲ್ -ಪಿ" ಮೂಲಕ ಆನ್ ಮಾಡಿದರೆ ಸಾಕು. ಆ ದೊಡ್ಡ ಪಿ ಇಲ್ಲದಿದ್ದರೆ ರೀಬೂಟ್ ಆದಮೇಲೆ ಮತ್ತೆ ಹಳೆ ಕತೆ.

ಊರಿನಿಂದ ಕಳಿಸಿದ ಫೈಲು ಡ್ರಾಪ್‌ಬಾಕ್ಸ್‌ನಲ್ಲೇ ಕೂತರೆ

ರಿವೆಂಡೆಲ್‌ನ ಡ್ರಾಪ್‌ಬಾಕ್ಸ್ ಅಂದರೆ ಒಂದು ಫೋಲ್ಡರ್, ಅದಕ್ಕೆ ಬಿದ್ದ ಆಡಿಯೊವನ್ನು ಅದೇ ಎತ್ತಿಕೊಂಡು ಲೈಬ್ರರಿಗೆ ಸೇರಿಸುತ್ತೆ. ನಮ್ಮ ಸ್ವಯಂಸೇವಕರು ಹಳ್ಳಿಯಿಂದ ಎಫ್‌ಟಿಪಿಯಲ್ಲಿ ಕಳಿಸುತ್ತಾರೆ. ಒಂದಷ್ಟು ದಿನ ಏನೂ ಎತ್ತಲಿಲ್ಲ. ಫೈಲಿನ ಅನುಮತಿ ನೋಡಿದರೆ 600, ಕಳಿಸಿದ ಯೂಸರ್ ಬಿಟ್ಟು ಬೇರೆ ಯಾರೂ ಓದುವ ಹಾಗಿಲ್ಲ. ವಿಎಸ್‌ಎಫ್‌ಟಿಪಿಡಿ ಸರ್ವರಿನ ಲೋಕಲ್ ಉಮಾಸ್ಕ್ (ಹೊಸ ಫೈಲಿನಿಂದ ಯಾವ ಅನುಮತಿ ಕಳೆಯಬೇಕು ಅನ್ನುವ ಸಂಖ್ಯೆ) ನೀವು ಬದಲಿಸದಿದ್ದರೆ 077, ಅದು ಕೊಡುವುದೇ ಇಂಥ ಫೈಲು. 002 ಮಾಡಿದೆವು. ಡ್ರಾಪ್‌ಬಾಕ್ಸ್ ಫೋಲ್ಡರಿಗೆ ರೇಡಿಯೊ ಗುಂಪು ಕೊಟ್ಟು 2775 ಹಾಕಿದೆವು. ಮುಂದಿನ ಆ 2 ಸೆಟ್‌ಜಿಐಡಿ, ಒಳಗೆ ಹೊಸದಾಗಿ ಹುಟ್ಟುವ ಫೈಲಿಗೆ ಫೋಲ್ಡರಿನ ಗುಂಪೇ ಬರುತ್ತೆ. ಹುಟ್ಟುವ ಫೈಲಿಗೆ ಮಾತ್ರ, ನೆನಪಿರಲಿ. ಅದೇ ಡಿಸ್ಕಿನ ಬೇರೆ ಫೋಲ್ಡರಿನಿಂದ "ಎಂವಿ" ಮಾಡಿ ತಂದ ಫೈಲು ತನ್ನ ಹಳೆ ಗುಂಪಿನಲ್ಲೇ ಇರುತ್ತೆ, "ಸಿಪಿ" ಮಾಡಿದರೆ ಹೊಸ ಗುಂಪು.

ಇಂಪೋರ್ಟ್ ಆಯಿತು, ಮೂಲ ಫೈಲು ಅಳಿಸಿಲ್ಲ ಅಂದರೆ ಫೈಲಿನ ಅನುಮತಿ ನೋಡುತ್ತಾ ಕೂರಬೇಡಿ. ಅಳಿಸುವ ಹಕ್ಕು ಫೋಲ್ಡರಿನದ್ದು. ಫೋಲ್ಡರಿಗೆ ಬರೆಯುವ ಅನುಮತಿ ಇದೆಯಾ, ಯಾರಾದರೂ ಸ್ಟಿಕಿ ಬಿಟ್ (ಬೇರೆಯವರ ಫೈಲು ಅಳಿಸದಂತೆ ತಡೆಯುವುದು) ಹಾಕಿದ್ದಾರಾ ನೋಡಿ. ಇನ್ನೊಂದು, ಡ್ರಾಪ್‌ಬಾಕ್ಸನ್ನು ಯಾರದೋ ಹೋಮ್ ಫೋಲ್ಡರಿನ ಒಳಗೆ ಇಡಬೇಡಿ. ಉಬುಂಟು 21.04 ರಿಂದ ಹೊಸ ಹೋಮ್ ಫೋಲ್ಡರುಗಳು 750, ಹೊರಗಿನವರು ಒಳಗೆ ಇಣುಕುವ ಹಾಗಿಲ್ಲ. "ನೇಮೈ -ಎಲ್" ಹಾಕಿ ಪೂರ್ತಿ ದಾರಿ ಕೊಟ್ಟರೆ ಯಾವ ಮೆಟ್ಟಿಲಲ್ಲಿ ತಡೆ ಇದೆ ಅಂತ ಒಂದೊಂದಾಗಿ ತೋರಿಸುತ್ತೆ. ಇಷ್ಟು ಉಪಯೋಗದ ಕಮಾಂಡ್ ಯಾಕೆ ಇಷ್ಟು ಕಡಿಮೆ ಜನಕ್ಕೆ ಗೊತ್ತೋ.

ವಿಂಡೋಸ್ ಶೇರ್ ಅಥವಾ ಸಾಂಬಾ ಮೂಲಕ ಮೌಂಟ್ ಮಾಡಿದವರಿಗೆ ಬೇರೆ ಲೆಕ್ಕ. ಅಲ್ಲಿ ಸಾಮಾನ್ಯವಾಗಿ ಎಲ್ಲ ಫೈಲಿಗೂ ಒಬ್ಬನೇ ಮಾಲೀಕ ಕಾಣುತ್ತಾನೆ, ಸಿಎಚ್‌ಮೋಡ್ ಮಾಡಿದರೂ ಏನೂ ಬದಲಾಗಲ್ಲ. ಕಾಣುವ ಮಾಲೀಕ ಮೌಂಟ್ ಆಯ್ಕೆಯ ಯುಐಡಿ, ಜಿಐಡಿ, ಫೈಲ್‌ಮೋಡ್, ಡಿರ್‌ಮೋಡ್‌ನಿಂದ ಬರುತ್ತಾನೆ. ನಿಜವಾದ ತೀರ್ಮಾನ ಮೌಂಟ್ ಮಾಡಲು ಕೊಟ್ಟ ಲಾಗಿನ್‌ನದ್ದು. ಎರಡನ್ನೂ ನೋಡಬೇಕು.

ಕರೆಂಟ್ ಹೋಗಿ ಬಂದಮೇಲೆ ಮಾಯವಾದ ಫೈಲುಗಳು

ಇದು ಪರ್ಮಿಷನ್ ವೇಷ ಹಾಕಿಕೊಂಡು ಬರುವ ಬೇರೆ ರೋಗ. ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಮುಗೀತು, ಬಂದಮೇಲೆ ಎಲ್ಲ ಯಂತ್ರ ಒಟ್ಟಿಗೆ ಎದ್ದವು. ಸ್ಟುಡಿಯೊ ಯಂತ್ರ ಬೇಗ ಎದ್ದಿತು, ಫೈಲ್ ಸರ್ವರ್ ಡಿಸ್ಕ್ ಪರೀಕ್ಷೆ ಮಾಡಿಕೊಂಡು ನಿಧಾನಕ್ಕೆ ಎದ್ದಿತು. ಮೌಂಟ್ ಆಗಲಿಲ್ಲ. ಆದರೆ ವಾರ್ ಎಸ್‌ಎನ್‌ಡಿ ಫೋಲ್ಡರ್ ಖಾಲಿಯಾಗಿ ಅಲ್ಲೇ ಇತ್ತಲ್ವಾ, ರಿವೆಂಡೆಲ್ ಪಾಪ ಅದರೊಳಗೇ ರೆಕಾರ್ಡ್ ಮಾಡಿತು. ಹಾಡು ಯಾವುದೂ ಬರುತ್ತಿಲ್ಲ ಅಂತ ಯಾರೋ ಕೈಯಲ್ಲಿ ಮೌಂಟ್ ಮಾಡಿದರು. ಹಾಡು ಬಂದವು, ಆ ಮಧ್ಯೆ ರೆಕಾರ್ಡ್ ಆದದ್ದು ಮಾಯ.

ಮಾಯ ಆಗಿಲ್ಲ, ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗಿದೆ. ರೂಟ್ ಡಿಸ್ಕನ್ನು "ಮೌಂಟ್ ಬೈಂಡ್" ಮಾಡಿ ಇನ್ನೊಂದು ಖಾಲಿ ಫೋಲ್ಡರಿಗೆ ತಂದು, ಅದರೊಳಗಿನ ವಾರ್ ಎಸ್‌ಎನ್‌ಡಿ ನೋಡಿದರೆ ಸಿಗುತ್ತೆ. ಹಾಗಾಗಿ ಏನೇ ದೂರು ಬಂದರೂ ನಾನು ಮೊದಲು ಮಾಡುವುದು "ಫೈಂಡ್‌ಎಂಎನ್‌ಟಿ" ಹಾಕಿ ಅಲ್ಲಿ ನಿಜಕ್ಕೂ ನೆಟ್‌ವರ್ಕ್ ಡಿಸ್ಕ್ ಇದೆಯಾ ಅಂತ ನೋಡುವುದು. ಆಮೇಲೆ ಅನ್‌ಮೌಂಟ್ ಮಾಡಿ, ಖಾಲಿ ಫೋಲ್ಡರಿನ ಮೇಲೆ "ಸಿಎಚ್ಎಟಿಟಿಆರ್ +ಐ" ಹೊಡೆದಿಟ್ಟೆ. ಈಗ ಮೌಂಟ್ ಆಗದಿದ್ದರೆ ರೂಟ್ ಕೂಡ ಅದರೊಳಗೆ ಬರೆಯಲು ಆಗಲ್ಲ, ತಪ್ಪು ತಕ್ಷಣ ಕೂಗಿಕೊಳ್ಳುತ್ತೆ.

ನಾವು ಸರಿ ಮಾಡಿದ್ದು ಹೀಗೆ

ರಾತ್ರಿ ಪ್ರಸಾರ ಮುಗಿದ ಮೇಲೆ ಕೂತೆವು. ಸರ್ವರಿನಲ್ಲಿ ಒಂದು ಯೂಸರ್, ಒಂದು ಗುಂಪು ಮಾಡಿ ಸ್ಟುಡಿಯೊ ಯಂತ್ರಗಳ ನಂಬರೇ ಕೊಟ್ಟೆ. ಮಾಲೀಕನ ಬದಲಾವಣೆಯನ್ನು ಸರ್ವರಿನ ಮೇಲೇ ಮಾಡಿದೆ, ನೆಟ್‌ವರ್ಕ್ ಮೂಲಕ ಮಾಡಲು ಹೋದರೆ ರೂಟ್ ಸ್ಕ್ವಾಶ್ ಬಿಡಲ್ಲ. "ಫೈಂಡ್" ಹಾಕಿ 500ರ ಫೈಲುಗಳನ್ನಷ್ಟೇ ಹುಡುಕಿ ಬದಲಿಸಿದೆ. ಫೋಲ್ಡರಿಗೆ 2775, ಫೈಲಿಗೆ 664. ಒಟ್ಟಿಗೆ ಮಾಡುವುದಾದರೆ ಸಿಎಚ್‌ಮೋಡ್‌ನಲ್ಲಿ ದೊಡ್ಡಕ್ಷರದ ಎಕ್ಸ್ ಬಳಸಿ, ಅದು ಫೋಲ್ಡರುಗಳಿಗೆ ಎಕ್ಸ್ ಕೊಟ್ಟು ಮಾಮೂಲಿ ಆಡಿಯೊ ಫೈಲುಗಳನ್ನು ಬಿಡುತ್ತೆ. ಯಂತ್ರದಲ್ಲೇ ಯೂಸರ್ ನಂಬರ್ ಬದಲಿಸಬೇಕಾದರೆ "ಯೂಸರ್‌ಮಾಡ್ -ಯು" ಇದೆ, ಆದರೆ ಆ ಯೂಸರಿನ ಯಾವ ಪ್ರೋಸೆಸ್ಸೂ ಆಗ ಓಡುತ್ತಿರಬಾರದು, ಹೋಮ್ ಫೋಲ್ಡರಿನ ಆಚೆ ಇರುವ ಫೈಲುಗಳನ್ನು ನೀವೇ ಹುಡುಕಿ ಬದಲಿಸಬೇಕು.

ಇಷ್ಟೆಲ್ಲ ನಂಬರ್ ಹೊಂದಿಸುವ ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಾರಿ: ಎಕ್ಸ್‌ಪೋರ್ಟ್‌ನಲ್ಲಿ ಆಲ್ ಸ್ಕ್ವಾಶ್ ಹಾಕಿ, ಅನಾನ್‌ಯುಐಡಿ, ಅನಾನ್‌ಜಿಐಡಿ ಆಗಿ ಒಂದು ನಂಬರ್ ಕೊಟ್ಟುಬಿಡುವುದು. ಯಾರು ಬಂದರೂ ಸರ್ವರ್ ಅವರನ್ನು ಅದೇ ಒಬ್ಬ ಅಂತ ತಿಳಿಯುತ್ತೆ. ಎರಡು ಮೂರು ಯಂತ್ರದ ಸಣ್ಣ ಸ್ಟೇಷನ್ನಿಗೆ ಇದೇ ಸುಲಭ ಅಂತ ನನ್ನ ಅಭಿಪ್ರಾಯ, ಆದರೆ ಆ ನೆಟ್‌ವರ್ಕಿಗೆ ಅತಿಥಿಗಳ ವೈಫೈ ಸೇರಿಸಬೇಡಿ, ಒಳಗೆ ಬಂದವರೆಲ್ಲ ಆಡಿಯೊ ಅಳಿಸಬಹುದು.

ಮುಗಿದ ಮೇಲೆ ಎರಡೂ ಯಂತ್ರದಿಂದ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಒಂದರದ್ದನ್ನು ಇನ್ನೊಂದರಲ್ಲಿ ಕೇಳಿ, ಇನ್ನೊಂದರಿಂದ ಅಳಿಸಿ ನೋಡಿದೆವು. ಆಮೇಲೆ ರೀಬೂಟ್ ಮಾಡಿ ಮತ್ತೊಮ್ಮೆ. ಸೊನ್ನೆ ಬೈಟ್ ಫೈಲುಗಳನ್ನು "ಫೈಂಡ್"ಗೆ ಸೈಜ್ 0 ಅಂತ ಕೊಟ್ಟು ಹುಡುಕಿದೆ, ಲೈಬ್ರರಿಯಲ್ಲಿ ಹೆಸರಿದ್ದು ಧ್ವನಿ ಇಲ್ಲದ ಕಾರ್ಟ್‌ಗಳು ಒಟ್ಟು ಏಳು. ಆರರ ಮೂಲ ರೆಕಾರ್ಡರಿನ ಕಾರ್ಡಿನಲ್ಲಿ ಸಿಕ್ಕಿತು, ಮತ್ತೆ ಇಂಪೋರ್ಟ್ ಮಾಡಿದೆವು. ಏಳನೆಯದು ಆ ರೈತರ ಸಂದರ್ಶನ. ಇಂಪೋರ್ಟ್ ಆಯಿತು ಅಂದುಕೊಂಡು ಹುಡುಗರು ಕಾರ್ಡ್ ಖಾಲಿ ಮಾಡಿಬಿಟ್ಟಿದ್ದರು. ಮುಂದಿನ ವಾರ ಮತ್ತೆ ಅವರ ತೋಟಕ್ಕೆ ಹೋದರು. "ಹೋದ್ಸಲ ಹೇಳಿದ್ದನ್ನೇ ಹೇಳ್ಬೇಕಾ?" ಅಂತ ಅಜ್ಜ ಕೇಳಿದರಂತೆ.